ಹುಬ್ಬಿಗಿಲ್ಲದ ಕಾನೂನು

ವಾಯಿರೋತೊ ಗ್ರಾಮದ ತೆಪೈರಜ್ಜಿಯನ್ನು ಸೃಷ್ಟಿಸುವಾಗ ದೇವರು ಮೊದಲು ಕಾಲುಗಳನ್ನಷ್ಟೇ ಮಾಡಿ, ಅವನ್ನು ಕೆಸುವಿನ ಗದ್ದೆಯಲ್ಲಿ ನಿಲ್ಲಿಸಿ, ಹೂತುಹೋಗುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಉಳಿದ ದೇಹವನ್ನು ಜೋಡಿಸಿರಬೇಕೆಂದು ಊರಿನವರು ಹೇಳುತ್ತಿದ್ದರು. ಸೋಮವಾರದಿಂದ ಶನಿವಾರದವರೆಗೆ ಆಕೆಯ ವಾಸ ಮೊಣಕಾಲುದ್ದದ ಕೆಸರಿನಲ್ಲಿ. ಭಾನುವಾರ ಮಾತ್ರ ಎಳೆಯ ತೆಂಗಿನ ಗರಿಯಿಂದ ಹೆಣೆದ ಬಿಳಿಯ ಟೋಪಿ ಧರಿಸಿ, ದೇವಾಲಯದೊಳಗೆ ಎಲ್ಲಕ್ಕಿಂತ ಮುಂದಿನ ಬೆಂಚಿನಲ್ಲಿ ಕುಳಿತು, ಪಾದ್ರಿಗಳು ಕೀರ್ತನೆಯ ಮೊದಲ ಪದವನ್ನು ಉಚ್ಚರಿಸುವಷ್ಟರಲ್ಲಿ ಆಕೆ ಎರಡನೆಯ ಸಾಲನ್ನು ತಲುಪಿರುತ್ತಿದ್ದಳು. ಪಾದ್ರಿಗಳು ಒಮ್ಮೆ ಇದನ್ನು ಮೃದುವಾಗಿ ಪ್ರಸ್ತಾಪಿಸಿದಾಗ, ಸ್ವರ್ಗದ ಬಾಗಿಲಿನಲ್ಲಿ ಸಾಲು ಉದ್ದವಿರುತ್ತದೆ, ಮುಂಚಿತವಾಗಿ ಹೊರಡುವುದೇ ಕ್ಷೇಮವೆಂದು ಉತ್ತರಿಸಿದ್ದಳು.

ಗಂಡ ತುತಾಯಿ ಮೀನುಗಾರನಾಗಿದ್ದು, ಬಹುಕಾಲದ ಹಿಂದೆಯೇ ಹವಳದ ದಂಡೆಯಾಚೆಯ ಅಲೆಗಳಲ್ಲಿ ದೇವರ ಪಾದ ಸೇರಿದ್ದ. ಹೆತ್ತ ಮಕ್ಕಳಿರಲಿಲ್ಲ, ಸಾಕಿದ ಮಕ್ಕಳಿಗೆ ಲೆಕ್ಕವಿರಲಿಲ್ಲ. ಪೆಸಿಫಿಕ್ ಸಾಗರದ ಈ ರಾರೊಟೊಂಗಾ ದ್ವೀಪದಲ್ಲಿ ಹೆಸರೆಂಬುದು ಕರೆಯಲಿಕ್ಕೆ ಮಾತ್ರ ಇರುವ ವಸ್ತುವಲ್ಲ. ಹಿರಿಯರು ತಮ್ಮ ಹೆಸರನ್ನು ಮಗುವಿಗೆ ಕೊಟ್ಟರೆ, ಮನೆಯ ಒಳ್ಳೆಯ ಚಾಪೆಯನ್ನು ಕೊಟ್ಟಂತೆ. ಕೊಟ್ಟವರು ಆ ಮಗುವಿಗಾಗಿ ದಿನವೂ ಪ್ರಾರ್ಥಿಸಬೇಕು; ಪಡೆದವರು ಹಬ್ಬಕ್ಕೂ ಹೆಣಕ್ಕೂ ಬರಬೇಕು; ಹೆಸರಿಗೆ ಮಸಿ ಬಳಿದರೆ ಕೊಟ್ಟವರು ಅದನ್ನು ಹಿಂದಕ್ಕೆ ಕೇಳಬಹುದು. ತೆಪೈರಜ್ಜಿಯ ಹೆಸರನ್ನು ಹೊತ್ತ ಹುಡುಗಿಯರು ಊರಿನ ತುಂಬ ಇದ್ದರು. ಬೀದಿಯಲ್ಲಿ ನಿಂತು "ತೆಪೈರು" ಎಂದು ಕೂಗಿದರೆ ನಾಲ್ಕು ಮನೆಯ ಬಾಗಿಲು ತೆರೆಯುತ್ತಿದ್ದವು, ಒಂದು ಹಂದಿಯೂ ತಲೆ ಎತ್ತುತ್ತಿತ್ತು.

ಆಕೆಯ ಪ್ರಾಣವಿದ್ದದ್ದು ಗದ್ದೆಯಲ್ಲಿ. ಬೆಟ್ಟದ ಬುಡದ ಬುಗ್ಗೆಯಿಂದ ಹೊರಟ ನೀರು ಒಂದು ಪಾತಿಯಿಂದ ಇನ್ನೊಂದಕ್ಕೆ ಇಳಿಯುತ್ತ, ಇಡೀ ಊರಿನ ಕೆಸುವಿಗೆ ಹಾಲೂಡಿಸಿ, ಕಡೆಗೆ ಕಡಲು ಸೇರುತ್ತಿತ್ತು. ಆ ನೀರಿಗೆ ಅಜ್ಜ ಮುತ್ತಜ್ಜಂದಿರು ವಿಧಿಸಿದ್ದ ನಿಯಮ ಒಂದೇ: ಮೇಲಿನ ಪಾತಿಯವನು ಕುಡಿದು ಕೆಳಗಿನವನಿಗೆ ಬಿಡಬೇಕು. ಯಾವ ಪಾತಿಯಾದರೂ ದುರಾಸೆಯಿಂದ ನೀರನ್ನೆಲ್ಲ ತಾನೇ ಹಿಡಿದಿಟ್ಟುಕೊಂಡರೆ ಕೆಳಗಿನವು ಒಣಗುತ್ತವೆ. ಹಿಡಿದಿಟ್ಟುಕೊಂಡದ್ದರ ಗಡ್ಡೆಯೂ ಕೊಳೆಯುತ್ತದೆ.

ಇಂಥದೊಂದು ದುರಾಸೆಯ ಪಾತಿ ಅವರುವಾ ಪಟ್ಟಣದಲ್ಲಿ ಎದ್ದಿತ್ತು. ಅದು ಕನ್ನಡಿಯ ಗೋಡೆಗಳ ಟ್ರಸ್ಟ್ ಆಫೀಸು. ದೂರದೇಶಗಳ ಶ್ರೀಮಂತರು ತಮ್ಮ ದೇಶದ ತೆರಿಗೆಯವನಿಗೂ, ಸಾಲ ಕೊಟ್ಟವನಿಗೂ, ಕೆಲವರು ಕೈಹಿಡಿದ ಹೆಂಡತಿಗೂ ಕಾಣದಂತೆ ಹಣವನ್ನು ಬಚ್ಚಿಡಬೇಕೆಂದಾಗ, ಇಲ್ಲಿ ಒಂದು ಕಂಪನಿ ಹುಟ್ಟುತ್ತಿತ್ತು. ಹಣ ದ್ವೀಪಕ್ಕೆ ಬರುತ್ತಿರಲಿಲ್ಲ, ಶ್ರೀಮಂತರೂ ಬರುತ್ತಿರಲಿಲ್ಲ, ಕಾಗದ ಮಾತ್ರ ಬರುತ್ತಿತ್ತು. ಆದರೆ ಆ ಕಾಗದವನ್ನು ನೋಡಿಕೊಳ್ಳಲು ಬುದ್ಧಿವಂತರು ಬೇಕಾಗಿ, ಊರೂರಿನ ಬುದ್ಧಿಯೆಲ್ಲ ಆ ಕಡೆಗೇ ಹರಿಯಿತು. ಮೊದಲು ಗಣಿತದ ಮೇಷ್ಟ್ರು ಹೋದರು. ಆಮೇಲೆ ನರ್ಸ್ ಹೋದಳು. ದೋಣಿಯ ಮೋಟಾರಿಗೆ ಜೀವ ಬರಿಸುತ್ತಿದ್ದ ಮೋವಾತೆ ಅದೇ ಆಫೀಸಿನ ಬಾಗಿಲಲ್ಲಿ ಟೈ ಕಟ್ಟಿಕೊಂಡ ಕಾವಲುಗಾರನಾದ. ದೋಣಿಗಳು ಮಗುಚಿ ಮಲಗಿದವು, ಅವುಗಳ ಕೆಳಗೆ ಕೋಳಿಗಳು ಸಂಸಾರ ಹೂಡಿದವು. ಶಾಲೆಯಲ್ಲಿ ಗುಣಾಕಾರವನ್ನು ಪಾದ್ರಿಗಳೇ ಕಲಿಸುವಂತಾಯಿತು. ಐದು ರೊಟ್ಟಿಯಿಂದ ಐದು ಸಾವಿರ ಜನ ಉಂಡ ಲೆಕ್ಕವನ್ನು ನಿತ್ಯ ಬೋಧಿಸುವವರಿಗೆ ಏಳೆಂಟಲ ಐವತ್ತಾರಕ್ಕೇ ನಿಲ್ಲಿಸುವುದು ಸ್ವಲ್ಪ ಕಷ್ಟವಾಗುತ್ತಿತ್ತು. ಆಫೀಸಿನ ಹೊರನಾಡಿನ ನೌಕರರು ಕೇಳಿದಷ್ಟು ಬಾಡಿಗೆ ಕೊಟ್ಟದ್ದರಿಂದ ಮನೆಗಳ ಬಾಡಿಗೆ ತೆಂಗಿನ ಮರವೇರಿತು. ಹೊಸದಾಗಿ ಮದುವೆಯಾದವರು ಆಕ್ಲೆಂಡಿಗೆ ವಿಮಾನ ಹತ್ತಿದರು. ಹಡಗಿನಲ್ಲಿ ಬಂದ ಫಿಜಿಯ ಕೆಸುವನ್ನು ಅಂಗಡಿಯಲ್ಲಿ ಕಂಡ ದಿನ ತೆಪೈರಜ್ಜಿ ಅದನ್ನು ಕೈಗೆತ್ತಿಕೊಂಡು, ದೂರದ ನೆಂಟರ ಹೆಣ ನೋಡುವಂತೆ ನೋಡಿ, ಗೌರವದಿಂದ ಕೆಳಗಿಟ್ಟು ಬಂದಿದ್ದಳು.

ಆಕೆಯ ಅಣ್ಣನ ಮಗಳು ಅಕಾಯಿತಿಯೂ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಬಿಟ್ಟು ಅದೇ ಆಫೀಸು ಸೇರಿದವಳು. ಒಂದು ಸಂಜೆ ಆ ಹುಡುಗಿ ಬಂದು, ನೆರೆಮನೆಗೆ ಉಪ್ಪು ಕೇಳಲು ಬಂದವಳಂತೆ ಕೇಳಿದ್ದಳು:

"ಅತ್ತೆ, ನಿಮ್ಮ ಹೆಸರು ಬೇಕಿತ್ತು."

"ಯಾರಿಗೆ ಮಗು ಆಯ್ತು?"

"ಮಗುಗಲ್ಲ ಅತ್ತೆ, ಕಂಪನಿಗೆ. ಇಲ್ಲೇ ಇರೋ ಒಬ್ರು ಅದಕ್ಕೆ ಡೈರೆಕ್ಟರ್ ಆಗ್ಬೇಕು, ಹೆಸರಿಗೆ ಮಾತ್ರ. ನೀವೇನೂ ಮಾಡೋದು ಬೇಡ."

"ಕಂಪನಿಗೆ ತಂದೆತಾಯಿ ಇಲ್ವಾ?"

"ಇದಾರೆ. ಆದ್ರೆ ಯಾರು ಅಂತ ಹೇಳೋ ಹಾಗಿಲ್ಲ."

ತೆಪೈರಜ್ಜಿಯ ಕರುಳು ಕರಗಿತು. ತಂದೆತಾಯಿ ಇದ್ದೂ ಹೇಳಿಕೊಳ್ಳಲಾಗದ ಕೂಸುಗಳನ್ನು ಆಕೆ ಎಷ್ಟೋ ಸಾಕಿದ್ದಳು. ಹೆಸರು ಕೊಟ್ಟಳು. ಆಮೇಲೆ ಅಂಥ ಇನ್ನೊಂದು ಕೂಸು ಬಂತು, ಮತ್ತೊಂದು ಬಂತು. ಪ್ರತಿಫಲವಾಗಿ ಕ್ರಿಸ್ಮಸ್ಸಿಗೊಂದು ದೊಡ್ಡ ಹಂದಿತೊಡೆಯೂ ದೇವಾಲಯದ ಸೂರಿನ ನಿಧಿಗೆ ಒಂದು ಲಕೋಟೆಯೂ ಬರುತ್ತಿದ್ದವು. ಅಕಾಯಿತಿ ಇದನ್ನು ಯಾರಿಗೂ ಹೇಳಬಾರದೆಂದು ಕೇಳಿಕೊಂಡಿದ್ದಳು. ಗುಪ್ತದಾನವೇ ಶ್ರೇಷ್ಠವೆಂದು ತಿಳಿದ ತೆಪೈರಜ್ಜಿ ಹೇಳಲೂ ಇಲ್ಲ.

ಕರ್ತವ್ಯದಲ್ಲಿ ಮಾತ್ರ ಆಕೆ ತಪ್ಪಲಿಲ್ಲ. ಪ್ರತಿದಿನ ಬೆಳಗಿನ ಪ್ರಾರ್ಥನೆಯಲ್ಲಿ ತನ್ನ ಹೆಸರಿನ ಹುಡುಗಿಯರಾದ ಮೇಲೆ ಕಂಪನಿಗಳನ್ನೂ ಒಂದೊಂದಾಗಿ ದೇವರ ಮುಂದೆ ನಿಲ್ಲಿಸುತ್ತಿದ್ದಳು. ಬ್ಲೂ ಮಾರ್ಲಿನ್ ಟ್ರೇಡಿಂಗ್ ಹೊತ್ತಿಗೆ ಸರಿಯಾಗಿ ಊಟ ಮಾಡಲಿ; ಆಲ್ಬಟ್ರಾಸ್ ಇನ್ವೆಸ್ಟ್‌ಮೆಂಟ್ಸ್ ಕೆಟ್ಟವರ ಸಹವಾಸಕ್ಕೆ ಬೀಳದಿರಲಿ. ಆದರೆ ಕೂಸುಗಳು ಹೆಚ್ಚಿದಂತೆ ಹೆಸರುಗಳು ನಾಲಿಗೆಗೆ ಸಿಕ್ಕದಾದವು, ಗದ್ದೆಗೆ ಹೊತ್ತಾಗತೊಡಗಿತು. ಕಡೆಗೆ ಮೊದಲ ಕೆಲವನ್ನು ಹೆಸರಿಟ್ಟು ಹೇಳಿ, "ಮತ್ತು ಉಳಿದವರೆಲ್ಲರೂ, ಕರ್ತನೇ, ನಿನಗೆ ಗೊತ್ತಿರುವವರೇ" ಎಂದು ಮುಗಿಸುವ ರೂಢಿಯಾಯಿತು. ಪ್ರಿಯರೇ, ಪ್ರಾರ್ಥನೆಯನ್ನು ಸಗಟಾಗಿ ಮಾಡಬಾರದು. ಸೈತಾನನು ಯಾವಾಗಲೂ ಈ "ಉಳಿದವರೆಲ್ಲರೂ" ಎಂಬ ಗುಂಪಿನಲ್ಲಿಯೇ ಬಂದು ಕುಳಿತಿರುತ್ತಾನೆ.

ಒಂದು ಮಂಗಳವಾರ ಬೆಳಿಗ್ಗೆ ಆಕೆ ಗದ್ದೆಗೆ ಹೋದಾಗ, ಬುಗ್ಗೆಯ ಪಕ್ಕದಲ್ಲಿಯೇ ಒಂದು ಹಲಗೆ ನೆಟ್ಟಿತ್ತು. ಈ ಜಾಗ ಸಿಲ್ವರ್ ಲಗೂನ್ ಹೋಲ್ಡಿಂಗ್ಸ್ ಕಂಪನಿಯ ಗೇಣಿಗೆ ಸೇರಿದ್ದು, ಅತಿಕ್ರಮಣಕ್ಕೆ ಶಿಕ್ಷೆಯುಂಟು ಎಂದು ಅದರ ಮೇಲೆ ಬರೆದಿತ್ತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ದುಡಿಮೆ ಆಕೆಯದಾದರೂ ಜಮೀನಿನ ಹಕ್ಕುದಾರರು ಆಕ್ಲೆಂಡಿನಲ್ಲಿದ್ದು, ಗದ್ದೆಯ ವಾಸನೆಯನ್ನೇ ಮರೆತವರಾಗಿ, ಅದನ್ನು ದೀರ್ಘಕಾಲದ ಗೇಣಿಗೆ ಬರೆದುಕೊಟ್ಟಿದ್ದರು. ಪಟ್ಟಣದ ಕನ್ನಡಿಯ ಕಟ್ಟಡದಲ್ಲಿ ಕಾಗದಗಳಿಗೆ ಜಾಗ ಸಾಲದಾಗಿತ್ತು. ಆದ್ದರಿಂದ ಗದ್ದೆಗೆ ಮಣ್ಣು ತುಂಬಿ, ಇನ್ನೊಂದು ಕನ್ನಡಿಯ ಕಟ್ಟಡವೂ ಅದರ ಮುಂದೆ ಕಾರು ನಿಲ್ಲಿಸುವ ಅಂಗಳವೂ ಬರಲಿದ್ದವು. ಮಣ್ಣೆತ್ತುವ ಯಂತ್ರ ಆಗಲೇ ರಸ್ತೆಯ ಬದಿಯಲ್ಲಿ ಬಂದು ನಿಂತಿತ್ತು. ಮಣ್ಣು ತುಂಬಿ ಕಟ್ಟುವ ಗುತ್ತಿಗೆಯ ಪತ್ರಕ್ಕೆ ಕಂಪನಿಯ ಸಹಿ ಬೀಳುವುದಷ್ಟೇ ಬಾಕಿ.

ತಾಯಿ ನೆಟ್ಟ ಗಡ್ಡೆಯ ಮರಿಯ ಮರಿಯೇ ಆ ಪಾತಿಯಲ್ಲಿತ್ತು. ತೆಪೈರಜ್ಜಿ ಅತ್ತವಳಲ್ಲ. ಒಂದು ಬುಟ್ಟಿಯ ತುಂಬ ಕೆಸುವಿನ ಗಡ್ಡೆ ಕಿತ್ತು, ಕಾಲು ತೊಳೆದು, ಬಸ್ಸು ಹತ್ತಿ ಟ್ರಸ್ಟ್ ಆಫೀಸಿಗೆ ಹೋದಳು. ಯಾರೋ ತಿಳಿಯದೆ ಮಾಡಿದ್ದಾರೆ. ಮಾಲೀಕನನ್ನು ಕಂಡು, ಗಡ್ಡೆ ಕೊಟ್ಟು, ಕೈಹಿಡಿದು ಹೇಳಿದರೆ ಒಪ್ಪದಿರುತ್ತಾನೆಯೇ ಎಂಬುದು ಆಕೆಯ ನಂಬಿಕೆ.

ಬಾಗಿಲಲ್ಲಿ ಮೋವಾತೆ ತಡೆದು ಗುರುತಿನ ಚೀಟಿ ಕೇಳಿದ.

"ನಿನ್ನ ಹೊಕ್ಕುಳ ಬಳ್ಳಿ ಕತ್ತರಿಸಿದ್ದು ನಾನು ಕಣೋ. ಗುರುತು ಬೇಕಾದ್ರೆ ಅಂಗಿ ಎತ್ತಿ ನೋಡ್ಕೋ."

"ಅಜ್ಜಿ, ಮೆತ್ತಗೆ. ಒಳಗೆ ಬುಕ್ಕಲ್ಲಿ ಬರೀಬೇಕು, ಅದಕ್ಕೆ."

"ಬರ್ಕೋ. ತೆಪೈರು, ಕೆಸರಿನ ಕಾಲು, ಜೊತೆಗೆ ಗಡ್ಡೆ."

ಮ್ಯಾನೇಜರು ಕ್ರಾಸ್ಲಿ ಎಂಬ ಸಭ್ಯ ಮನುಷ್ಯ. ಕಾಯಿಸಿದ ಹಾಲಿನಂತೆ ಬಿಳುಪಾಗಿದ್ದು, ಬಿಸಿಲಿಗೆ ಕೆನೆಗಟ್ಟಿದ್ದ. ಅವನ ಮೇಜಿನ ಮೇಲೆ ಏನೂ ಇರಲಿಲ್ಲ. ಗುಟ್ಟಿನ ಕೆಲಸದವರ ಮೇಜು ಯಾವಾಗಲೂ ಶುಭ್ರ. ಅವನು ಬಹಳ ವಿನಯದಿಂದ, ಕಂಪನಿಯ ಮಾಲೀಕರು ಯಾರೆಂದು ಹೇಳಲು ಕಾನೂನು ಬಿಡುವುದಿಲ್ಲ, ಡೈರೆಕ್ಟರು ಯಾರೆಂದೂ ಹೇಳುವಂತಿಲ್ಲ, ಆ ಕಂಪನಿ ಇದೆಯೇ ಇಲ್ಲವೇ ಎಂಬುದನ್ನೂ ತಾನು ಹೇಳಲಾರೆ ಎಂದು ತಿಳಿಸಿದ. ಇಲ್ಲದ ಕಂಪನಿ ಹಲಗೆ ನೆಟ್ಟದ್ದು ಹೇಗೆಂದು ಆಕೆ ಕೇಳಿದಳು. ಹಲಗೆಯ ವಿಷಯವನ್ನೂ ತಾನು ಹೇಳಲಾರೆನೆಂದು ಅವನು ಗಡ್ಡೆಯ ಬುಟ್ಟಿಯನ್ನು ಹಿಂದಕ್ಕೆ ಸರಿಸಿದ. ಉಡುಗೊರೆ ಪಡೆಯುವುದಕ್ಕೂ ನಿಯಮ ಬಿಡುತ್ತಿರಲಿಲ್ಲ.

ಅಲ್ಲಿಂದ ಆಕೆ ಪಾರ್ಲಿಮೆಂಟಿನ ಸದಸ್ಯ ಕೈತಾರಾನ ಮನೆಗೆ ನಡೆದಳು. ಕೈತಾರಾ ಚಿಕ್ಕಪ್ಪನ ಮಗ. ವಾಯಿರೋತೊ ಅವನ ಕ್ಷೇತ್ರ. ಜಗಲಿಯಲ್ಲಿ ಡಬ್ಬಿಯ ಮಾಂಸ ತಿನ್ನುತ್ತಿದ್ದವನು ಎದ್ದು ಕುರ್ಚಿ ಕೊಟ್ಟ. ಆ ಗುಟ್ಟಿನ ಕಾನೂನು ಬಂದಾಗ ಅವನು ಸದನದಲ್ಲಿದ್ದವನೇ.

"ಅದನ್ನ ಬರೆದೋರು ಯಾರೋ ತಮ್ಮಾ?"

"ಆಫೀಸಿನ ವಕೀಲರೇ ಬರ್ಕೊಟ್ರು ಅಕ್ಕ. ಒಳ್ಳೆ ಕಾಗದ, ದಪ್ಪ. ನಾವು ಕೈ ಎತ್ತಿದ್ವಿ."

"ಓದಿ ಎತ್ತಿದ್ಯಾ?"

"ಓದೋಕೆ ಕೂತಿದ್ರೆ ಊಟ ತಪ್ತಿತ್ತು."

ಆ ಕಂಪನಿಗಳು ಇಲ್ಲಿ ತೆರಿಗೆ ಕೊಡುವುದಿಲ್ಲವಂತೆ ಹೌದೇ ಎಂದು ಆಕೆ ಕೇಳಿದಳು. ಹೌದು, ಅದಕ್ಕೇ ತಾನೆ ಅವು ಬರುವುದು ಎಂದನವನು. ತಾನು ಡಬ್ಬಿ ಮೀನು ಕೊಂಡರೆ ತೆರಿಗೆ ಯಾಕೆ ಎಂದಳು. ಯಾರಾದರೂ ಕೊಡಲೇಬೇಕಲ್ಲ ಅಕ್ಕ ಎಂದನವನು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದೆಂಬ ಗಾದೆ ಹಳೆಯದು. ಇಲ್ಲಿ ಬೇಲಿ ಹೊಲವನ್ನು ಮೇಯ್ದು, ಒಡೆಯನ ಜಗಲಿಯಲ್ಲಿ ಅವನಿಗೇ ಅನ್ನ ಹಾಕುತ್ತಿತ್ತು. ಕೈತಾರಾ ಕೆಟ್ಟವನಲ್ಲ, ಹೆದರಿದವನು. ಆ ಆಫೀಸಿನವರಿಗೆ ಕೋಪ ಬಂದು ಬೇರೆ ದ್ವೀಪಕ್ಕೆ ಹೋದರೆ ಮುಂದೇನು ಗತಿ, ನಮ್ಮಲ್ಲಿ ಬೇರೆ ಏನು ಉಳಿದಿದೆ ಎಂದು ಅವನು ನಿಜವಾದ ಸಂಕಟದಿಂದಲೇ ಕೇಳಿದ.

"ಏನೂ ಉಳೀದೇ ಇರೋದು ಅವರು ಬಂದಿದ್ದಕ್ಕೇ ಕಣೋ" ಎಂದು ಹೇಳಿ, ತೆಪೈರಜ್ಜಿ ಬುಟ್ಟಿ ಎತ್ತಿಕೊಂಡು ಹೊರಟಳು. ಅವನಿಗೆ ಒಂದು ಗಡ್ಡೆಯನ್ನೂ ಕೊಡಲಿಲ್ಲ. ಅವಳ ಬದುಕಿನಲ್ಲಿ ನೆಂಟನ ಮನೆಯಿಂದ ತುಂಬಿದ ಬುಟ್ಟಿ ಹಿಂತಿರುಗಿದ್ದು ಅದೊಂದೇ ಸಲ.

ಗುರುವಾರದ ಪ್ರಾರ್ಥನಾಕೂಟದಲ್ಲಿ ಆಕೆ ಎದ್ದು ನಿಂತಳು. ಕಾಣದ ಮಾಲೀಕನನ್ನು ಶಪಿಸಿ ಫಲವಿಲ್ಲ, ಅವನು ಯಾವ ದೇಶದವನೋ. ಆದರೆ ಯಾರೋ ಒಬ್ಬರು, ಈ ದ್ವೀಪದ ನೀರು ಕುಡಿದವರೇ, ಆ ಸಿಲ್ವರ್ ಲಗೂನಿಗೆ ಡೈರೆಕ್ಟರಾಗಿ ಕುಳಿತಿರಬೇಕು. "ಆ ಪಾಪಿ ಗಂಡೋ ಹೆಣ್ಣೋ ಗೊತ್ತಿಲ್ಲ. ಇವತ್ತಿಂದ ಅವರು ತಿನ್ನೋ ಕೆಸು ಅವರ ಗಂಟಲಲ್ಲಿ ತುರಿಸ್ಲಿ. ತುರಿಸ್ತಾನೇ ಇರ್ಲಿ, ಬಾಯಿ ಬಿಟ್ಟು ಒಪ್ಕೊಳ್ಳೋ ತನಕ" ಎಂದಳು. ಸಭೆ ಭಕ್ತಿಯಿಂದ ಆಮೆನ್ ಎಂದಿತು. ಹಿಂದಿನ ಬೆಂಚಿನಲ್ಲಿದ್ದ ಅಕಾಯಿತಿ ಮಾತ್ರ ಕೀರ್ತನೆಯ ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡು ಬೆವರುತ್ತಿದ್ದಳು. ತೆಪೈರಜ್ಜಿ ಅದನ್ನು ಕಂಡಳು.

ಮರುದಿನ ಸಂಜೆ ಹುಡುಗಿಯನ್ನು ಗದ್ದೆಗೇ ಕರೆಸಿಕೊಂಡಳು. ಅಕಾಯಿತಿ ಅಳುವ ದನಿಯಲ್ಲಿ, ಬಾಯಿಂದ ಹೇಳಿದರೂ ಬರೆದುಕೊಟ್ಟರೂ ತನಗೆ ಜೈಲೆಂದು ಬೇಡಿಕೊಂಡಳು.

"ನೀನು ಹೇಳೋದು ಬೇಡ, ಬರೆಯೋದೂ ಬೇಡ. ನಾನು ಕೇಳ್ತೀನಿ, ನೀನು ಸುಮ್ನೆ ನಿಂತ್ಕೋ. ಸುಮ್ನೆ ನಿಂತ್ರೆ ಜೈಲಿಲ್ಲ ತಾನೆ?"

ಅಕಾಯಿತಿಯ ಹುಬ್ಬು ಮೇಲೇರಿತು. ದ್ವೀಪದಲ್ಲಿ ಹೌದೆನ್ನಲು ಯಾರೂ ಬಾಯಿ ತೆರೆಯುವುದಿಲ್ಲ; ಹುಬ್ಬು ಒಮ್ಮೆ ಮೇಲೇರಿ ಇಳಿದರೆ ಮದುವೆಯೇ ನಿಶ್ಚಯವಾಗುತ್ತದೆ. ದಪ್ಪ ಕಾಗದದ ಮೇಲೆ ಕಾನೂನು ಬರೆದ ಪರದೇಶದ ವಕೀಲರು ನಾಲಿಗೆಗೆ ಬೀಗ ಹಾಕಿದ್ದರು, ಲೇಖನಿಗೆ ಬೀಗ ಹಾಕಿದ್ದರು. ಹುಬ್ಬನ್ನು ಅವರು ಯೋಚಿಸಿರಲಿಲ್ಲ.

"ಹೆಸರು ಕೊಟ್ಟೋರು ನಮ್ಮ ಊರೋರಾ?"

ಹುಬ್ಬು ಏರಿತು.

"ಗಂಡಸಾ?"

ಹುಬ್ಬು ಅಲುಗಲಿಲ್ಲ.

"ಹೆಂಗಸು. ನಂಗೊತ್ತಿತ್ತು. ಎರಡನೇ ಬೆಂಚಿನ ತೀನಾ ತಾನೆ? ಅವಳ ಹೊಸ ಟೋಪಿ ನೋಡ್ದಾಗ್ಲೇ ಅನ್ಕೊಂಡೆ."

ಅಲುಗಲಿಲ್ಲ.

"ಹಾಗಾದ್ರೆ ಮುಂದಿನ ಬೆಂಚಾ?"

ಹುಬ್ಬು ನಿಧಾನವಾಗಿ, ಅಪರಾಧಿಯನ್ನು ಮೆಟ್ಟಿಲು ಹತ್ತಿಸುವಂತೆ, ಏರಿತು. ತೆಪೈರಜ್ಜಿ ಯೋಚಿಸಿದಳು. ಮುಂದಿನ ಬೆಂಚಿನಲ್ಲಿ ಕೂರುವ ಹೆಂಗಸರು ಇಬ್ಬರೇ.

"ಅಯ್ಯೋ ದೇವ್ರೇ, ಪಾದ್ರಿಯಮ್ಮನಾ?"

ಅಕಾಯಿತಿಯ ಹುಬ್ಬು ಹವಳದ ಬಂಡೆಯಂತೆ ನಿಂತಲ್ಲೇ ನಿಂತಿತ್ತು. ಆದರೆ ಕಣ್ಣುಗಳು ಅತ್ತೆಯ ಮುಖವನ್ನು ಬಿಟ್ಟು ಕದಲಲಿಲ್ಲ. ಗದ್ದೆಯಲ್ಲಿ ನೀರು ಒಂದು ಪಾತಿಯಿಂದ ಇನ್ನೊಂದಕ್ಕೆ ಇಳಿಯುವ ಸದ್ದು ಕೇಳಿಸುತ್ತಿತ್ತು. ತೆಪೈರಜ್ಜಿ ಕೆಸರಿನಲ್ಲಿಯೇ ಕುಳಿತುಬಿಟ್ಟಳು. "ಉಳಿದವರೆಲ್ಲರೂ" ಎಂದಳು ಮೆಲ್ಲಗೆ.

ಅಂದು ಊಟದಲ್ಲಿ ಕೆಸು ಆಕೆಯ ಗಂಟಲನ್ನು ತುರಿಸಿತು. ಗಾಬರಿಯಲ್ಲಿ ಅರ್ಧ ಬೇಯಿಸಿ ಇಳಿಸಿದ್ದೇ ಕಾರಣವೆಂದು ಲೋಕದವರು ಹೇಳಬಹುದು. ತೆಪೈರಜ್ಜಿಗೆ ಮಾತ್ರ ದೇವರ ಕಿವಿ ಎಷ್ಟು ಚುರುಕೆಂಬುದು ತಿಳಿಯಿತು. ತನ್ನ ತಾಯಿಯ ಗದ್ದೆಯನ್ನು ತನ್ನ ಹೆಸರೇ ನುಂಗಲು ಹೊರಟಿದೆ. ಹೆಸರನ್ನು ಕೂಸಿಗೆ ಕೊಟ್ಟೆನೆಂದುಕೊಂಡಿದ್ದಳು, ಕೊಟ್ಟದ್ದು ಮುಖವಾಡಕ್ಕೆ. ಬೆಳಕಿಗೆ ಹೆದರುವವನು ಮೊದಲು ಹುಡುಕುವುದು ಕತ್ತಲನ್ನಲ್ಲ, ಒಬ್ಬ ಒಳ್ಳೆಯ ಮನುಷ್ಯನ ನೆರಳನ್ನು.

ಶನಿವಾರ ಬೆಳಿಗ್ಗೆ ಕ್ರಾಸ್ಲಿಯೇ ಮನೆಗೆ ಬಂದ, ಕೈಯಲ್ಲಿ ಗುತ್ತಿಗೆಯ ಪತ್ರ, ಬೆಲೆಬಾಳುವ ಲೇಖನಿ. ಮಾಮೂಲಿನ ಒಂದು ಸಹಿ ಎಂದ. ಈ ಮುದುಕಿಯೇ ಮೊನ್ನೆ ಗಡ್ಡೆ ತಂದವಳೆಂದು ಅವನಿಗೆ ಆಗ ಹೊಳೆದು, ಸ್ವಲ್ಪ ಕೆಮ್ಮಿದ. ತೆಪೈರಜ್ಜಿ ಅವನನ್ನು ಚಾಪೆಯ ಮೇಲೆ ಕೂರಿಸಿ, ಎಳನೀರು ಕೊಟ್ಟು, ಅವನು ಕುಡಿದು ಮುಗಿಸುವವರೆಗೆ ಕಾದಳು. ಅತಿಥಿಯ ಬಾಯಾರಿಕೆ ಮೊದಲು, ಜಗಳ ಆಮೇಲೆ.

"ಈ ಹೆಸರು ಯಾರ್ದು ಸ್ವಾಮಿ?"

"ನಿಮ್ಮದೇ ಮೇಡಂ. ಆದ್ರೆ ನೀವು ಹೆಸರಿಗೆ ಮಾತ್ರ ಡೈರೆಕ್ಟರು. ನಾವು ಹೇಳಿದ್ದಕ್ಕೆ ಸಹಿ ಹಾಕೋದು ಪದ್ಧತಿ."

"ನಮ್ಮಲ್ಲೂ ಒಂದು ಪದ್ಧತಿ ಇದೆ. ಹೆಸರು ಕೊಟ್ಟೋರ ಮನೆಗೆ ಮಗು ಬೆಂಕಿ ಇಡೋಕೆ ಬಂದ್ರೆ, ಹೆಸರು ವಾಪಸ್ ತಗೋತೀವಿ. ನಾನು ಹಾಕಲ್ಲ."

ಕ್ರಾಸ್ಲಿಗೆ ಕೋಪ ಬರಲಿಲ್ಲ. ಆಫೀಸಿನಲ್ಲಿ ಕೋಪಕ್ಕೂ ಅನುಮತಿ ಪಡೆಯಬೇಕಿತ್ತೋ ಏನೋ. ಸೋಮವಾರ ಬೇರೆ ಯಾರನ್ನಾದರೂ ಡೈರೆಕ್ಟರು ಮಾಡಿ ಸಹಿ ಹಾಕಿಸುವುದಾಗಿಯೂ, ಈ ದ್ವೀಪದಲ್ಲಿ ಹೆಸರಿಗೇನು ಬರವೆಂದೂ ಹೇಳಿ, ಎಳನೀರಿಗೆ ಧನ್ಯವಾದ ತಿಳಿಸಿ ಹೊರಟ. ಹೋಗುವಾಗ ಹಂದಿಗೂ ನಮಸ್ಕಾರ ಹೇಳಿದನೆಂದು ಪಕ್ಕದ ಮನೆಯವರು ಹೇಳುತ್ತಾರೆ. ಅದು ಅವಸರದಲ್ಲಿ ಆದದ್ದಿರಬೇಕು.

ಹೆಸರಿಗೇನು ಬರ ಎಂಬ ಮಾತು ತೆಪೈರಜ್ಜಿಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಹಾಗಾದರೆ ತಾನೊಬ್ಬಳೇ ಅಲ್ಲ.

ಭಾನುವಾರ ಆರಾಧನೆ ಮುಗಿದು, ಪ್ರಕಟಣೆಗಳ ಹೊತ್ತಿನಲ್ಲಿ ಆಕೆ ಟೋಪಿಯನ್ನು ಕಳಚಿ ಬೆಂಚಿನ ಮೇಲಿಟ್ಟು ಎದ್ದಳು. ಟೋಪಿಯಿಲ್ಲದ ತೆಪೈರಜ್ಜಿಯನ್ನು ದೇವಾಲಯದೊಳಗೆ ಯಾರೂ ಕಂಡಿರಲಿಲ್ಲ. ಗುರುವಾರ ತಾನು ಶಪಿಸಿದ ಪಾಪಿ ತಾನೇ ಎಂದು ಹೇಳಿದಳು. ಗಂಟಲು ತುರಿಸಿದ್ದನ್ನೂ ಹೇಳಿದಳು. ಎರಡನೆಯ ಬೆಂಚಿನ ತೀನಾಳ ಟೋಪಿಯ ಬಗ್ಗೆ ತಪ್ಪು ಎಣಿಸಿದ್ದಕ್ಕೆ ಕ್ಷಮೆ ಕೇಳಿದಳು. ತೀನಾಗೆ ಆ ವಿಷಯ ತಿಳಿದದ್ದೇ ಆಗ.

"ನಾಳೆ ಆ ಆಫೀಸಿನೋರು ನಿಮ್ಮಲ್ಲಿ ಒಬ್ಬರ ಮನೆಗೆ ಬರ್ತಾರೆ. ಇಲ್ಲಿ ಇನ್ನೂ ಯಾರ್ಯಾರು ಹೆಸರು ಕೊಟ್ಟಿದೀರೋ, ಬಾಯಿ ಬಿಡಬೇಡಿ, ಕಾನೂನಿದೆ. ಕೈ ಎತ್ತಬೇಡಿ, ಅದಕ್ಕೂ ಇರ್ಬೋದು. ಸುಮ್ನೆ ನನ್ನ ಮುಖ ನೋಡಿ."

ಮೊದಲು ಮೂರನೆಯ ಬೆಂಚಿನಲ್ಲಿ ಬೇಕರಿಯ ಮುದುಕನ ಹುಬ್ಬು ಏರಿತು. ಆಮೇಲೆ ತೀನಾಳದು. ಆಮೇಲೆ ವಾದ್ಯ ನುಡಿಸುವವಳದು, ಗಂಟೆ ಬಾರಿಸುವವನದು. ಗಾಳಿಗೆ ಗದ್ದೆಯ ಎಲೆಗಳು ಒಂದಾದ ಮೇಲೊಂದು ತಿರುಗುವಂತೆ, ಬೆಂಚಿನಿಂದ ಬೆಂಚಿಗೆ ಹುಬ್ಬುಗಳು ಏರುತ್ತ ಹೋದವು. ಪ್ರತಿಯೊಬ್ಬರೂ ಈ ದ್ವೀಪದಲ್ಲಿ ತಾವೊಬ್ಬರೇ ಡೈರೆಕ್ಟರೆಂದೂ, ಸೂರಿನ ನಿಧಿಗೆ ಲಕೋಟೆ ಹಾಕುವ ಗುಪ್ತದಾನಿ ತಾವೊಬ್ಬರೇ ಎಂದೂ ತಿಳಿದಿದ್ದರು. ಒಬ್ಬರ ಅಡಿಗೆಮನೆಯಲ್ಲಿ ಮೀನು ಹೊತ್ತಿದರೆ ಇಡೀ ಊರಿಗೆ ತಿಳಿಯುತ್ತಿದ್ದ ವಾಯಿರೋತೊದಲ್ಲಿ, ವರುಷಗಳಿಂದ ಎಲ್ಲರೂ ಎಲ್ಲರಿಂದ ಒಂದೇ ಗುಟ್ಟನ್ನು ಬಚ್ಚಿಟ್ಟುಕೊಂಡಿದ್ದರು. ಸೂರೇನೋ ಹೊಸದಾಗಿತ್ತು; ಅದರ ಕೆಳಗೆ ಕುಳಿತವರು ಒಬ್ಬರಿಗೊಬ್ಬರು ಅಪರಿಚಿತರಾಗಿದ್ದರು. ಕಡೆಗೆ ಎಲ್ಲರೂ ವೇದಿಕೆಯ ಕಡೆಗೆ ನೋಡಿದರು. ಪಾದ್ರಿಗಳು ಸೂರನ್ನು ನೋಡಿ, ನಿಟ್ಟುಸಿರಿಟ್ಟರು. ಅವರ ಬಿಳಿಯ ಹುಬ್ಬುಗಳೆರಡೂ ಮೇಲೇರಿದವು.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಗೌರವದ ಬೆಂಚಿನಲ್ಲಿದ್ದ ಕೈತಾರಾ ಎರಡೂ ಅಂಗೈಗಳಿಂದ ತನ್ನ ಹುಬ್ಬುಗಳನ್ನು ಒತ್ತಿ ಹಿಡಿದು, ತಲೆನೋವೆಂದು ಪಕ್ಕದವನಿಗೆ ಹೇಳುತ್ತಿದ್ದ. ಆಗ ಯಾರೋ ಒಬ್ಬರು ನಕ್ಕರು. ಆಮೇಲೆ ಇಡೀ ದೇವಾಲಯವೇ ನಕ್ಕಿತು. ಆ ನಗೆಯ ನಡುವೆಯೇ ತೆಪೈರಜ್ಜಿ ಕೀರ್ತನೆಯನ್ನು ಎತ್ತಿಕೊಂಡಳು. ಅಂದು ಪಾದ್ರಿಗಳೂ ಆಕೆಯ ಜೊತೆಗೇ ಹೊರಟರು, ಒಂದು ಪದವೂ ಹಿಂದೆ ಬೀಳಲಿಲ್ಲ.

ಸೋಮವಾರ ಕ್ರಾಸ್ಲಿ ಮನೆಯಿಂದ ಮನೆಗೆ ಹೋದ. ಹೋದಲ್ಲೆಲ್ಲ ಎಳನೀರು ಸಿಕ್ಕಿತು, ಹೆಸರು ಸಿಗಲಿಲ್ಲ. ಸಿಲ್ವರ್ ಲಗೂನಿಗೆ ಡೈರೆಕ್ಟರಾಗುವಿರಾ ಎಂದು ಕೇಳಿದಾಗ ಜನ ಬಹು ಪ್ರೀತಿಯಿಂದ ಅವನನ್ನೇ ನೋಡುತ್ತ, ಹುಬ್ಬು ಅಲುಗಿಸದೆ ನಿಲ್ಲುತ್ತಿದ್ದರು. ಪಕ್ಕದ ಊರುಗಳಿಗೆ ಹೋದ. ಸುದ್ದಿ ಅವನ ಕಾರಿಗಿಂತ ಮುಂಚೆ ಸ್ಕೂಟರಿನಲ್ಲಿ ತಲುಪಿತ್ತು. ಕೈತಾರಾನ ಮನೆಗೂ ಹೋದ. ಚುನಾವಣೆ ಹತ್ತಿರವಿದ್ದುದರಿಂದ ಕೈತಾರಾನ ತಲೆನೋವು ಇನ್ನೂ ವಾಸಿಯಾಗಿರಲಿಲ್ಲ.

ತೆಪೈರಜ್ಜಿಯನ್ನು ನ್ಯಾಯಾಲಯಕ್ಕೆ ಎಳೆಯಬಹುದಾಗಿದ್ದವನು ಒಬ್ಬನೇ, ಆ ನಿಜವಾದ ಮಾಲೀಕ. ಆದರೆ ಅದಕ್ಕೆ ಅವನು ನ್ಯಾಯಾಧೀಶರ ಮುಂದೆ ನಿಂತು, ಇದು ನನ್ನದು, ನಾನು ಇಂಥವನು ಎಂದು ಹೇಳಬೇಕಿತ್ತು. ಅಷ್ಟು ಹೇಳುವ ಧೈರ್ಯವಿದ್ದಿದ್ದರೆ ಅವನಿಗೆ ಸಿಲ್ವರ್ ಲಗೂನ್ ಯಾಕೆ ಬೇಕಿತ್ತು? ಅವನು ಬರಲಿಲ್ಲ. ಮಣ್ಣೆತ್ತುವ ಯಂತ್ರದವನು ಕೆಲವು ದಿನ ಅದರ ನೆರಳಿನಲ್ಲಿ ಮಲಗಿದ್ದು, ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆಯನ್ನು ತೆಪೈರಜ್ಜಿಯ ಕೈಯಿಂದ ಉಂಡು, ಕಡೆಗೆ ರಸ್ತೆಯ ಕೆಲಸಕ್ಕೆ ಹೊರಟುಹೋದ.

ಕನ್ನಡಿಯ ಕಟ್ಟಡ ಪಟ್ಟಣದಲ್ಲಿ ಹಾಗೆಯೇ ಇದೆ. ಅಕಾಯಿತಿಯೂ ಅಲ್ಲಿಯೇ ಇದ್ದಾಳೆ. ಶಾಲೆಯ ಸಂಬಳದಲ್ಲಿ ಬಾಡಿಗೆ ಕಟ್ಟಲು ಈಗಲೂ ಆಗುವುದಿಲ್ಲ. ಆದರೆ ಶನಿವಾರ ಬೆಳಿಗ್ಗೆ ಅತ್ತೆಯ ಜಗಲಿಯಲ್ಲಿ ಊರಿನ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾಳೆ, ಪಾದ್ರಿಗಳ ಮನಸ್ಸಿನಿಂದ ದೊಡ್ಡ ಭಾರ ಇಳಿದಿದೆ. ಮೋವಾತೆ ಟೈ ಕಟ್ಟಿಕೊಂಡೇ ಸಂಜೆ ಬಂದು ಒಂದು ದೋಣಿಯ ಮೋಟಾರನ್ನು ಬಿಚ್ಚಿದ್ದಾನೆ. ಕೋಳಿಗಳು ಅದನ್ನು ಸಹಿಸಿಲ್ಲ. ಆ ಹಲಗೆ ಈಗ ಎರಡು ಪಾತಿಗಳ ನಡುವಿನ ಕಾಲುವೆಗೆ ಸೇತುವೆಯಾಗಿದೆ, ಬರಹ ಕೆಳಮುಖವಾಗಿ.

ಹೆಸರನ್ನು ಹಿಂದಕ್ಕೆ ಪಡೆದರೂ ತೆಪೈರಜ್ಜಿ ಪ್ರಾರ್ಥನೆಯನ್ನು ಹಿಂದಕ್ಕೆ ಪಡೆಯಲಿಲ್ಲ. ಈಗ ಸಗಟು ವ್ಯವಹಾರವಿಲ್ಲ. ಪ್ರತಿಯೊಂದು ಕಂಪನಿಯನ್ನೂ ಹೆಸರು ಹಿಡಿದು ಕರೆಯುತ್ತಾಳೆ, ಗದ್ದೆಗೆ ತಡವಾದರೆ ಆಗಲಿ. ಸಿಲ್ವರ್ ಲಗೂನಿನ ಸರದಿ ಬಂದಾಗ ದನಿ ಸ್ವಲ್ಪ ತಗ್ಗುತ್ತದೆ. "ಕರ್ತನೇ, ಅವನು ಯಾರೋ ನಂಗೊತ್ತಿಲ್ಲ. ಅಡಗಿ ಅಡಗಿ ಸಾಕಾಗಿರ್ಬೇಕು. ಅವನ ಹೆಸರು ಹಿಡಿದು ಕೂಗಿ ಊಟಕ್ಕೆ ಕರೆಯೋರು ಒಬ್ರಾದ್ರೂ ಇರ್ಲಿ" ಎನ್ನುತ್ತಾಳೆ.

ಕಳೆದ ಕ್ರಿಸ್ಮಸ್ಸಿಗೆ, ಹಂದಿತೊಡೆ ಬರಲಿಲ್ಲವೆಂಬುದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ, ಗದ್ದೆಯ ಅತಿ ದೊಡ್ಡ ಗಡ್ಡೆಯನ್ನು ತೊಳೆದು, ಮಾಲೀಕರಿಗೆ ತಲುಪಿಸಬೇಕೆಂದು ಹೇಳಿ ಟ್ರಸ್ಟ್ ಆಫೀಸಿನಲ್ಲಿ ಇಟ್ಟುಬಂದಳು. ಕ್ರಾಸ್ಲಿ ಅದನ್ನು ಕಳುಹಿಸುವಂತಿರಲಿಲ್ಲ, ಕಳುಹಿಸಿದರೆ ವಿಳಾಸ ಬಯಲಾಗುತ್ತದೆ. ಎಸೆಯುವಂತೆಯೂ ಇರಲಿಲ್ಲ, ಅದು ಗಿರಾಕಿಯ ಸ್ವತ್ತು. ಗಡ್ಡೆ ಅವನ ಶುಭ್ರವಾದ ಮೇಜಿನ ಮೇಲೆಯೇ ಉಳಿಯಿತು. ಅದು ಮೊಳೆತು, ಕನ್ನಡಿಯ ಗೋಡೆಯ ಕಡೆಗೆ ಒಂದು ಅಗಲವಾದ ಹಸಿರೆಲೆಯನ್ನು ಚಾಚಿದೆಯೆಂದೂ, ಯಾರೂ ನೋಡದಿರುವಾಗ ಮ್ಯಾನೇಜರೇ ಅದಕ್ಕೆ ಲೋಟದಿಂದ ನೀರು ಹನಿಸುತ್ತಾರೆಂದೂ ಮೋವಾತೆಯ ಹುಬ್ಬಿನಿಂದ ಊರಿಗೆಲ್ಲ ತಿಳಿದಿದೆ.